ನೂರಾ ಹನ್ನೆರಡನೇ ಪುಟ

ಎಮ್ಮೆದೊಡ್ಡಿ
ಶನಿವಾರ, 14 ಜೂನ್ 2025

ಮುದ್ದಿನ ಮಗಳು ಧನ್ಯಶ್ರೀಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಈ ದಿನ ಶನಿವಾರದ ಒಪ್ಪೊತ್ತು. ಕೊಟ್ಟಿಗೆ ಬಳಿದು, ಹಾಲು ಡೈರಿಗೆ ಹಾಕಿ, ಆಂಜನೇಯನ ಗುಡಿ ಸುತ್ತಿ ಬಂದು ಬರೆಯಲು ಕುಳಿತಿದ್ದೇನೆ. ನಿನ್ನ ಕೆಮ್ಮು ಹೇಗಿದೆ? ಧಾರವಾಡದಲ್ಲಿ ಮಳೆ ಹಿಡಿದಿದೆಯಂತೆ, ತಣ್ಣೀರು ಕುಡಿಯಬೇಡ. ಹಾಸ್ಟೆಲಿನ ರೊಟ್ಟಿ ಒಗ್ಗದಿದ್ದರೆ ಈ ಕಾಗದದ ಜೊತೆ ಕಳಿಸಿರುವ ರಾಗಿಹಿಟ್ಟಿನಲ್ಲಿ ಗಂಜಿಯನ್ನಾದರೂ ಕಾಯಿಸಿಕೋ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಫೋನಿರುವುದು ನಿಮ್ಮಣ್ಣನ ಕೈಯಲ್ಲಿ. ಪರಮೇಶ ಸ್ಪೀಕರ್ ಹಾಕದೆ ಯಾರ ಹತ್ತಿರವೂ ಮಾತಾಡಿದವನಲ್ಲ. ಇದು ಅವನ ಕಿವಿಗೆ ಬೀಳಬಾರದ ವಿಷಯ.

ನೋಟೀಸಿನ ಸುದ್ದಿಯನ್ನು ನಿಮ್ಮಣ್ಣ ಅರ್ಧಂಬರ್ಧ ಹೇಳಿರಬೇಕು, ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. ಹೋದ ಸೋಮವಾರ ಸರ್ವೆಯವರು ಬಂದರು. ನಮ್ಮ ಹೊಲ, ಪಕ್ಕದ ಬೀರಯ್ಯಣ್ಣನ ಹೊಲ, ಎರಡನ್ನೂ ಸರಪಳಿ ಹಿಡಿದು ಅಳೆದರು. ದನ ಮೇಯಲು ಬಿಟ್ಟ ಸರ್ಕಾರಿ ಕಾವಲಿಗೆ ಸೇರಿದ ಒಂದು ಎಕರೆ ಹತ್ತು ಗುಂಟೆ ಈ ಎರಡರಲ್ಲಿ ಒಂದರೊಳಗೆ ಸೇರಿಹೋಗಿದೆಯಂತೆ. ಯಾವುದರೊಳಗೆ ಅಂತ ನೋಡೋಣವೆಂದರೆ ಅವರ ಹಳೆಯ ನಕ್ಷೆ ಆ ಜಾಗದಲ್ಲೇ ಹರಿದಿದೆ. ಹೊತ್ತು ಇಳಿಯುವವರೆಗೆ ಅಳೆದು, ಕೊನೆಗೆ ಗಡಿಕಲ್ಲಿಗೆ ಕೆಂಪು ಬಣ್ಣ ಬಳಿದು ಹೋದರು. ಪೀಡೆ ತೊಲಗಿತು ಅಂದುಕೊಂಡೆ. ಬುಧವಾರ ಅವರಲ್ಲಿ ಒಬ್ಬ, ಕನ್ನಡಕದ ಹುಡುಗ, ಒಂದು ಕಟ್ಟು ಹಾಳೆ ಹಿಡಿದು ಮತ್ತೆ ಬಂದ. ನಮ್ಮ ಜಗಲಿಯಲ್ಲೇ ಕುಳಿತು, ನನ್ನ ಕೈಯ ನೀರು ಕುಡಿದು, ಬೀರಯ್ಯಣ್ಣನನ್ನು ಕರೆಸಿ ಗಟ್ಟಿಯಾಗಿ ಓದಿದ. “ಆ ಕಲ್ಲ ಕಿತ್ತು ಅತ್ಲಾಗೆ ನೆಟ್ಟೋನು ನಾನೇ ಕಣಮ್ಮಿ. ಸರ್ಕಾರ ಇವತ್ಗೂ ಹುಡುಕ್ತಾ ಐತೆ.” ಕೆಳಗೆ ದಪ್ಪ ಅಕ್ಷರದಲ್ಲಿ ಬೀರಯ್ಯ, ಅರವತ್ತೆಂಟು ವರ್ಷ, ಎಮ್ಮೆದೊಡ್ಡಿ. ಅದು ನೀನು ಊರವರ ಬಾಯಿಂದ ಕಥೆ ಕೇಳಿ ಬರೆದ ಪಿಎಚ್‌ಡಿ ಪ್ರಬಂಧ ಕಣೇ. ನೂರಾ ಹನ್ನೆರಡನೇ ಪುಟ. ಮೂಲೆ ಮಡಚಿದ ಪುಟಗಳು ಆ ಕಟ್ಟಿನಲ್ಲಿ ಇನ್ನೂ ನಾಲ್ಕಿದ್ದವು. ಅವು ಯಾರ ಮನೆಯವೋ ಕಾಣೆ.

ಬೀರಯ್ಯಣ್ಣನ ಬಾಯಿ ನಿನಗೆ ಗೊತ್ತಿಲ್ಲವೇ? ಚಿರತೆಯನ್ನು ಕಂಬಳಿಯಲ್ಲಿ ಕಟ್ಟಿ ತಂದೆ ಅನ್ನುವ ಆಸಾಮಿ. ಊರವರು ಅವನ ಮಾತಿನಲ್ಲಿ ಅರ್ಧ ಗಾಳಿಗೆ ಬಿಟ್ಟು ಉಳಿದರ್ಧ ಕೇಳುತ್ತಾರೆ. ಓದಿದವನಿಗೆ ಅದು ಹೇಗೆ ತಿಳಿಯಬೇಕು? ಅಚ್ಚಾದ ಮೇಲೆ ಅವನ ಪಾಲಿಗೆ ಎಲ್ಲವೂ ನಿಜ. ಬರುವ ಶುಕ್ರವಾರ ಕಡೂರಿನಲ್ಲಿ ವಿಚಾರಣೆ. ಜಮೀನು ಬಿಡಬೇಕಾದೀತು ಅಂತ ಬೀರಯ್ಯಣ್ಣನ ಬಾಗಿಲಿಗೆ ನೋಟೀಸು ಅಂಟಿಸಿದ್ದಾರೆ. ಆ ಹೊಲ ಹೋದರೆ ಅವರಿಗೆ ಉಳಿಯುವುದು ಮನೆ ಹಿಂದಿನ ತಿಪ್ಪೆಯ ಜಾಗ ಒಂದೇ. ಅವತ್ತಿನಿಂದ ಬೀರಯ್ಯಣ್ಣ ಒಂದು ಮಾತೂ ಆಡಿಲ್ಲ. ಕೆಂಚಮ್ಮ ನಿನ್ನೆ ಸೆರಗಲ್ಲಿ ಮೂಗು ಒರೆಸಿಕೊಂಡು, “ಬಡಾಯಿ ಕೊಚ್ಚಿದ್ರೂ ತಡ್ಕೊಬೋದು ಕಣಕ್ಕಾ, ಗಂಡ ಸುಮ್ನೆ ಕುಂತ್ರೆ ಭಯ ಆಯ್ತದೆ” ಅಂದಳು.

ಆ ಹಾಳೆಗಳು ಕನ್ನಡಕದ ಹುಡುಗನಿಗೆ ಹೇಗೆ ಸಿಕ್ಕವು ಅಂತ ತಿಳಿಯಬೇಕಿತ್ತು. ಗುರುವಾರ ತರೀಕೆರೆಗೆ ಹೋಗಿ, ನಿನ್ನ ಜೊತೆ ಓದಿದ ಸುಮಯ್ಯಳನ್ನು ಅವಳ ಕಾಲೇಜಿನ ಲೈಬ್ರರಿಯಲ್ಲೇ ಕಂಡೆ. ಪಾಪ, ಮೂರು ಕಡೆ ಹುಡುಕಿ ತೋರಿಸಿದಳು. ಮೊದಲನೆಯದು ದುಡ್ಡು ಕಟ್ಟಿದ ಕಾಲೇಜಿಗೆ ಮಾತ್ರ ತೆರೆಯುವ ಇಂಗ್ಲಿಷ್ ಲೇಖನಗಳ ಡೇಟಾಬೇಸು, ಅದರಲ್ಲಿ ನೀನಿರಲಿಲ್ಲ. ಎರಡನೆಯದರಲ್ಲಿ ನಿನ್ನ ಹೆಸರು, ಪ್ರಬಂಧದ ಸಾರಾಂಶ, ಅಷ್ಟೇ. ನನ್ನ ಜೀವಕ್ಕೆ ಸಮಾಧಾನವಾಯಿತು. ಮೂರನೆಯದು ಪ್ರಬಂಧಗಳದ್ದೇ, ಯಾರು ಬೇಕಾದರೂ ಕೂತಲ್ಲಿಂದ ಓದುವಂಥದ್ದು. ಅದರಲ್ಲಿ ಅವಳು ನಿನ್ನ ಹೆಸರನ್ನೂ ಹಾಕಲಿಲ್ಲ. ಎಮ್ಮೆದೊಡ್ಡಿ, ಗಡಿಕಲ್ಲು, ಎರಡೇ ಪದ. ನಾನು ಕಣ್ಣು ಮಿಟುಕಿಸುವುದರೊಳಗೆ ಬೀರಯ್ಯಣ್ಣ ಎದುರಿಗೆ ನಿಂತಿದ್ದ. ಈ ಪ್ರಬಂಧವನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಅನ್ನುವ ಲೆಕ್ಕವೂ ಅಲ್ಲೇ ಇದೆ. ಇನ್ನೂರು ಚಿಲ್ಲರೆ. ಅದರಲ್ಲಿ ಅರವತ್ತು ಹೋದ ತಿಂಗಳೊಂದರಲ್ಲೇ. ಅರವತ್ತು ಜನ ಯಾರು, ಯಾಕೆ ಅಂದರೆ ಅದನ್ನು ಮಾತ್ರ ತೋರಿಸುವುದಿಲ್ಲವಂತೆ. ತೆಗೆಸಿಬಿಡು ತಾಯಿ ಅಂತ ಅವಳ ಕೈ ಹಿಡಿದೆ. “ಇಲ್ಲಿ ತೆಗೆಸಿದ್ರೂ ಇದರ ನಕಲು ಬೇರೆ ಡೇಟಾಬೇಸುಗಳಿಗೆ ಹೋಗಿಬಿಟ್ಟಿದೆ ಆಂಟಿ. ಅವರು ಆಗಲೇ ಅಚ್ಚು ಹಾಕಿಸಿಕೊಂಡ ಕಾಗದದ ಮೇಲಿರೋದನ್ನ ಯಾರು ತೆಗೀತಾರೆ?” ಅಂದಳು. ಬಸ್ಸಿಗೂ ಅವಳೇ ಹತ್ತಿಸಿದಳು.

ತಪ್ಪು ನಿನ್ನದು ಅನ್ನುತ್ತಿಲ್ಲ ಮಗಳೇ. ಅಜ್ಜಂಪುರದ ಕಡೆ ಕಥೆ ಕೇಳಲು ನೀನೊಬ್ಬಳೇ ಹೋದಾಗ ಯಾರೂ ಬಾಯಿ ಬಿಡಲಿಲ್ಲ. ನಾನು ಜೊತೆಗೆ ಬಂದ ಮೇಲೆ ದನ ಕಾಯುವವರೂ, ಮುದುಕಿಯರೂ ಎಲೆಅಡಿಕೆ ಹಾಕಿಕೊಂಡು ಕೂತು ಹೇಳಿದರು. ನಿಮ್ಮ ಮೇಷ್ಟ್ರು ನಿಜವಾದ ಹೆಸರು ಹಾಕಬೇಡ ಅಂದಿದ್ದರು. ನಾನೇ ಜಗಳ ತೆಗೆದೆ. ಅಷ್ಟು ಹೊತ್ತು ಕೂತು ಹೇಳಿದವರ ಹೆಸರಿಲ್ಲದಿದ್ದರೆ ಅನ್ನ ಉಂಡ ಎಲೆಯನ್ನು ತುಳಿದಂತೆ ಅಂದೆ. ದಪ್ಪ ಅಕ್ಷರವೂ ನನ್ನ ಹಟವೇ. ಪ್ರಬಂಧವನ್ನು ಎರಡು ವರ್ಷ ಯಾರಿಗೂ ಕಾಣದಂತೆ ಬೀಗ ಹಾಕಿಡಬಹುದು, ಅರ್ಜಿಯಲ್ಲಿ ಕೇಳಿದ್ದಾರೆ, ಏನು ಬರೆಯಲಿ ಅಂತ ನೀನು ಕೇಳಿದಾಗ ನಾನು ಅಂದದ್ದು ನೆನಪಿದೆಯಾ? “ಮುಚ್ಚಿಡಾಕೆ ನಾವೇನ್ ಕದ್ದಿದ್ದೀವೇನೇ?” ಆ ಮಾತು ಮೂರು ದಿನದಿಂದ ನನ್ನನ್ನು ಬಿಟ್ಟಿಲ್ಲ. ಗುಡಿಯಲ್ಲಿ ಪೂಜಾರಪ್ಪನ ಕೈಯ ತೀರ್ಥವನ್ನೂ ತೆಗೆದುಕೊಳ್ಳದೆ ಬಂದೆ.

ಅದು ಜನಪದ ಕಥೆ, ಸಾಕ್ಷಿ ಅಲ್ಲ ಅಂತ ಆಫೀಸಿಗೆ ಕಾಗದ ಬರೆದುಕೊಡುತ್ತೇನೆ ಅಂತ ನೀನು ಫೋನಿನಲ್ಲಿ ಹೇಳಿದೆಯಂತೆ. ಅದಕ್ಕೆ ಪರಮೇಶ, “ನಿಂಗ್ಯಾಕೆ ಉಸಾಬರಿ? ನೋಟೀಸು ನಮ್ಗೇನು ಬಂದಿಲ್ವಲ್ಲ” ಅಂದನಂತೆ. ನನಗೆ ಹೇಳಿ ನಕ್ಕ. ಈಗ ದಿನಾ ಸಂಜೆ ಹೋಗಿ ಆ ಕೆಂಪು ಕಲ್ಲಿನ ಪಕ್ಕ ನಿಂತು ಬರುತ್ತಾನೆ. ಬೀರಯ್ಯಣ್ಣನ ಹೊಲ ತೆರವಾದರೆ ದನ ಹೊಡೆಯಲು ದಾರಿ ಅಗಲವಾಗುತ್ತದೆ ಅಂತ ಹೆಂಡತಿಗೆ ಹೇಳುವುದು ಕೇಳಿಸಿತು. ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ, ಆದರೂ ಆ ಮಾತು ಕೇಳಿ ಹೆದರಿಕೆಯಾಯಿತು.

ಮೈ ಕಡೆ ಜೋಪಾನ. ನಿನ್ನ ರೂಮಿನ ಹುಡುಗಿ ಸಂಗೀತಾಳಿಗೂ ನನ್ನ ಆಶೀರ್ವಾದ ತಿಳಿಸು. ಆಂಜನೇಯ ಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅವ್ವ,
ಅಂಜಿನಮ್ಮ

ತಾ.ಕ.: ಆ ಕಲ್ಲು ಕಿತ್ತು ನೆಟ್ಟದ್ದು ಬೀರಯ್ಯಣ್ಣ ಅಲ್ಲ. ನಿಮ್ಮಪ್ಪ. ನೀನಿನ್ನೂ ತೊಟ್ಟಿಲಲ್ಲಿದ್ದೆ. ಹಾರೆಯ ಒಂದು ತುದಿ ಹಿಡಿದವಳು ನಾನು. ಆ ಎಕರೆ ಹತ್ತು ಗುಂಟೆ ಇರುವುದು ನಮ್ಮ ಹೊಲದಲ್ಲಿ, ನೀನು ಓದಿದ್ದೂ ಅದರ ಬೆಳೆಯಲ್ಲಿ. ಅವತ್ತು ಕಂಡವನು ಬೀರಯ್ಯಣ್ಣ ಒಬ್ಬನೇ. ಕಂಡದ್ದನ್ನು ತನ್ನ ಬಡಾಯಿ ಮಾಡಿಕೊಂಡು ಹೇಳುತ್ತಾ ಬಂದ, ನಿಮ್ಮಪ್ಪ ನಗುತ್ತಾ ಬಂದರು, ಅವರು ಹೋದ ಮೇಲೆ ನಾನು ನಕ್ಕೆ. ಈಗಲೂ ಅವನು ನಮ್ಮ ಹೆಸರು ಹೇಳಿಲ್ಲ. ನೀನು ಧ್ವನಿ ಹಿಡಿದ ದಿನ ಶುರು ಮಾಡುವ ಮುಂಚೆ ನನ್ನ ಕಡೆ ತಿರುಗಿ, “ಹೇಳ್ಲಾ ಅಂಜಿನಕ್ಕಾ, ನಿಮ್ದನ್ನ ನಂದು ಅಂತ?” ಅಂದ. ನಾನು ಹೇಳು ಅಂದೆ. ಪುಟದಲ್ಲಿ ಅದಿಲ್ಲ, ನಿನ್ನ ರೆಕಾರ್ಡಿಂಗಿನಲ್ಲಿ ಇರಬೇಕು. ಶುಕ್ರವಾರ ಅದನ್ನು ತೆಗೆದುಕೊಂಡು ಕಡೂರಿಗೆ ಹೋಗುತ್ತೇನೆ. ಪರಮೇಶ ಏನು ಮಾಡುತ್ತಾನೋ ಮಾಡಲಿ. ಈ ಕಾಗದ ತಂದವನು ಸುಮಯ್ಯಳ ಅಣ್ಣ ಮುಜಾಹಿದ್. ಹುಬ್ಬಳ್ಳಿಯಲ್ಲಿ ಲಾರಿಯ ತೆಂಗಿನಕಾಯಿ ಇಳಿಸಿ ಬುಧವಾರ ಮತ್ತೆ ನಿನ್ನ ಹಾಸ್ಟೆಲಿನ ಗೇಟಿಗೆ ಬರುತ್ತಾನೆ. ನಿನ್ನ ಉತ್ತರವನ್ನೂ ಆ ಧ್ವನಿ ಇರುವ ಕಾರ್ಡನ್ನೂ ಅವನ ಕೈಗೇ ಕೊಟ್ಟು ಕಳಿಸು. ಫೋನಿಗೆ ಕಳಿಸಬೇಡ.