ಎರಿ ಹೊಲದ ಬದು

ಅಪ್ಪಾ,

ಈ ಕೊಲ್ಲಿ ದೇಶದ ಸಹಮ್‌ನಲ್ಲಿ ತೋಟಗಳ ಗಡಿ ಅಳೆಯುವುದೇ ನನ್ನ ಕೆಲಸ. ಇವತ್ತು ಊಟದ ಹೊತ್ತಿಗೆ ನಮ್ಮ ಎರಿ ಹೊಲದ ಸರ್ವೆ ನಕಾಶೆಯನ್ನು ಉಪಗ್ರಹದ ಚಿತ್ರದ ಮೇಲಿಟ್ಟು ನೋಡಿದೆ. ನೀನಿದ್ದಾಗ "ನಿಮ್ಮ ಕಾಕಾ ವರ್ಷಕ್ಕೊಂದು ಸಾಲು ಒತ್ತಾಕತ್ಯಾನ" ಎನ್ನುತ್ತಿದ್ದೆಯಲ್ಲ, ಆ ಒತ್ತುವರಿಯನ್ನು ಹಿಡಿಯಬೇಕಿತ್ತು.

ಬದು ಸರಿದಿರುವುದು ನಿಜ. ಆದರೆ ಸರಿದಿರುವುದು ಕಾಕಾನ ಹೊಲದೊಳಕ್ಕೆ, ನಾಲ್ಕು ಮೀಟರ್. ಚಿತ್ರವೇ ತಪ್ಪಿರಬೇಕೆಂದು ಮೂರು ಸಲ ಅಳೆದೆ. ಬದುವಿನ ಪಕ್ಕದ ಸಾಲಿಗೆ ಬಂದಾಗ ನೀನು ನೇಗಿಲನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ಅವ್ವನಿಗೆ ಫೋನ್ ಮಾಡಿದೆ. "ಈಗ್ಯಾಕ ಅಳೀತಿ? ಮೊದಲ ಉಣ್ಣು" ಎಂದು ಇಟ್ಟುಬಿಟ್ಟಳು. ಅವಳಿಗೂ ಗೊತ್ತಿತ್ತೇ?

ಹೋದ ತಿಂಗಳು ಕಾಕಾ ತೀರಿಕೊಂಡಾಗ ಮಣ್ಣಿಗೆ ಹೋಗಲು ನನಗೆ ರಜೆ ಸಿಕ್ಕಿತ್ತು, ಅಪ್ಪಾ. ಸಿಗಲಿಲ್ಲ ಎಂದು ಊರಿಗೆ ಹೇಳಿದೆ.

ಸೋಮನಾಥ