ಗುಡ್ಡವನ್ನು ‘ಸ್ವಲ್ಪ ಮಲಗಿಸಿ’ ಎಂದವರಿಗೆ

ಪುನರ್ವಸತಿ ಪ್ರಾಧಿಕಾರದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಮ್ಮ ಸಭಾಂಗಣದ ದೊಡ್ಡ ಪರದೆಯ ಮೇಲೆ ತಾವು ನದಿದಂಡೆಯ ಬೀದಿಯ ಅರ್ಧ ಜನರಿಗೆ ತೋರಿಸಿದ, ಮುಂದಿನ ತಿಂಗಳು ಉಳಿದರ್ಧ ಬೀದಿಗೂ ತೋರಿಸಲಿರುವ ಆ ಹಸಿರು ಗುಡ್ಡ ಸುಳ್ಳು. ಅದು ಎಷ್ಟರಮಟ್ಟಿಗೆ ಸುಳ್ಳು ಎಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದನ್ನು ಮಾಡಿದವನು ನಾನು. ಮಾಡಿಸಿದವರು ತಾವು. ಇದರಲ್ಲಿ ಯಾರ ಪಾಲು ಎಷ್ಟು ಎಂದು ಜಗಳ ತೆಗೆಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನನ್ನ ಪಾಲು ಆಗಲೇ ನನ್ನ ಕೊರಳಿಗೆ ಬಿದ್ದಿದೆ. ಇನ್ನೊಬ್ಬರು ಆ ಪರದೆ ನೋಡಿ ಮನೆ ಆರಿಸುವ ಮೊದಲು ಅದನ್ನು ನಿಲ್ಲಿಸಿ ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ.

ಇದು ಬಹಿರಂಗ ಪತ್ರವಾದ್ದರಿಂದ ಸಂಗತಿ ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ಹೊಸ ಸೇತುವೆಗಾಗಿ ನದಿದಂಡೆಯ ಬೀದಿಯನ್ನು ತೆರವು ಮಾಡುವುದೆಂದು ತೀರ್ಮಾನವಾಯಿತು. ಅಲ್ಲಿಯವರಿಗೆ ಊರ ಹೊರಗಿನ ಗುಡ್ಡದ ಮೇಲೆ ಮನೆ ಕಟ್ಟಿಕೊಡುತ್ತೇವೆಂದು ಪ್ರಾಧಿಕಾರ ಹೇಳಿತು. ಯಾವ ಮನೆ ಬೇಕೋ ತಾವೇ ಆರಿಸಿಕೊಳ್ಳಲಿ ಎಂಬ ಔದಾರ್ಯವನ್ನೂ ತೋರಿತು. ಆದರೆ ಗುಡ್ಡದ ಸುತ್ತ ತಗಡಿನ ಬೇಲಿ, ಒಳಗೆ ಯಂತ್ರಗಳ ಓಡಾಟ, ‘ಸುರಕ್ಷತೆಯ ದೃಷ್ಟಿಯಿಂದ ಪ್ರವೇಶವಿಲ್ಲ’ ಎಂಬ ಫಲಕ. ಹಾಗಾಗಿ ನೆಲವನ್ನು ನೋಡದೆ ನೆಲ ಆರಿಸುವ ಏರ್ಪಾಡೊಂದು ಬೇಕಾಯಿತು. ಬಾಡಿಗೆ ಕೋಣೆಯೊಂದರಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಬೆಟ್ಟಗುಡ್ಡ ಮಾಡಿಕೊಡುವ ನನ್ನನ್ನು ತಾವು ಕರೆಸಿದ್ದು ಆಗ.

ನನ್ನ ಕಸುಬು ಏನೂ ಬ್ರಹ್ಮವಿದ್ಯೆಯಲ್ಲ. ಭೂಮಾಪಕರು ನೆಲದ ಏರಿಳಿತ ಅಳೆದು ಒಂದು ನಕ್ಷೆ ಕೊಡುತ್ತಾರೆ. ನೋಡಿದರೆ ಹೊಗೆ ಹಿಡಿದ ಗೋಡೆಯ ಫೋಟೋ ಇದ್ದಂತಿರುತ್ತದೆ, ಬರೀ ಬೂದು ಬಣ್ಣ. ಬೆಳ್ಳಗಿದ್ದಲ್ಲಿ ಎತ್ತರ, ಕಪ್ಪಗಿದ್ದಲ್ಲಿ ತಗ್ಗು. ಕಂಪ್ಯೂಟರಿನಲ್ಲಿ ಒಂದು ಚಪ್ಪಟೆ ಹಾಳೆ ಹಾಸಿ, ಈ ನಕ್ಷೆಯ ಪ್ರಕಾರ ಏಳು ಎಂದರೆ ಅದು ಏಳುತ್ತದೆ. ಮಲಗಿದ ಮಗು ಹೊದಿಕೆಯೊಳಗೇ ಮೊಣಕಾಲು ಎತ್ತಿದ ಹಾಗೆ ಗುಡ್ಡ ಮೂಡುತ್ತದೆ. ಆಮೇಲೆ ಹುಲ್ಲು, ಮರ, ರಸ್ತೆ, ಮನೆ, ಬಿಸಿಲು, ನೆರಳು ಎಲ್ಲ ನಮ್ಮ ಕೈಚಳಕ. ಹಾಳೆ ಎಷ್ಟು ಏಳಬೇಕು ಎಂದು ಹೇಳುವುದಕ್ಕೆ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕವಿರುತ್ತದೆ. ಅದರಲ್ಲಿ ಒಂದು ಎಂದಿದ್ದರೆ ನೆಲ ಇದ್ದ ಹಾಗೆ ಕಾಣುತ್ತದೆ. ಎರಡು ಎಂದರೆ ಎರಡರಷ್ಟು ಎತ್ತರ, ಅರ್ಧ ಎಂದರೆ ಅರ್ಧ.

ನಮ್ಮಲ್ಲಿ ಆ ಚೌಕವನ್ನು ಒಂದರಲ್ಲೇ ಬಿಡುವವರು ಕಡಿಮೆ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಎಂಥ ಪರ್ವತವೂ ಪರದೆಯ ಮೇಲೆ ಸಪ್ಪೆ. ಪ್ರವಾಸದ ಜಾಹೀರಾತಿಗೆ ಏರಿಸುತ್ತೇವೆ, ಮಕ್ಕಳ ಆಟಕ್ಕೆ ಇನ್ನೂ ಏರಿಸುತ್ತೇವೆ. ಅಡುಗೆಗೆ ಉಪ್ಪು ಹಾಕಿದಷ್ಟೇ ಸಹಜವಾಗಿ ಕೈ ಅಲ್ಲಿಗೆ ಹೋಗುತ್ತದೆ. ಆದರೂ ತಮ್ಮ ಕೆಲಸಕ್ಕೆ ನಾನು ಒಂದನ್ನೇ ಇಟ್ಟುಕೊಂಡು ಬಂದಿದ್ದೆ. ನೆನಪಿದೆಯೇ, ಮಾನ್ಯರೇ? ತಾವು ಕನ್ನಡಕ ಏರಿಸಿ, ಇಳಿಸಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿ ನೋಡಿದಿರಿ.

“ಇದೇನ್ರೀ, ಗೋಡೆ ನಿಂತ ಹಾಗಿದೆ. ಜನ ಹೆದರ್ತಾರೆ. ಸ್ವಲ್ಪ ಮಲಗಿಸಿ.”

“ನೆಲ ಇರೋದೇ ಹಾಗೆ ಸರ್.”

“ಇರ್ಲಿ ಬಿಡ್ರಿ. ಇದೇನು ಅಳತೆಪಟ್ಟಿನಾ? ಚಿತ್ರ ತಾನೇ. ಸ್ವಲ್ಪ ಮಲಗಿಸಿ ಅಂದೆ ಅಷ್ಟೇ.”

ನಾನು “ಆಗ್ಲಿ ಸರ್” ಎಂದೆ. ತಮ್ಮ ಕೋಣೆಯ ಬಾಗಿಲು ದಾಟುವ ಮೊದಲೇ ಎಂದೆ. ಒಂದು ಮಾತು ವಾದಿಸಲಿಲ್ಲ, ಒಂದು ರಾತ್ರಿ ಯೋಚಿಸಿ ಹೇಳುತ್ತೇನೆ ಎನ್ನಲಿಲ್ಲ. ಕೋಣೆಗೆ ಬಂದು ಚೌಕದಲ್ಲಿದ್ದ ಒಂದನ್ನು ಅಳಿಸಿ ಅರ್ಧಕ್ಕಿಂತಲೂ ಕಡಿಮೆ ಬರೆದೆ. ಗುಡ್ಡ ಸುಮ್ಮನೆ ಮಲಗಿತು. ಯಾರಿಗೂ ನೋವಾಗಲಿಲ್ಲ, ಎಲ್ಲಿಯೂ ಸದ್ದಾಗಲಿಲ್ಲ. ಮಾರನೆಯ ದಿನ ತಾವು “ಈಗ ನೋಡಿ, ಎಷ್ಟು ಚೆಂದ!” ಎಂದಾಗ ನನಗೆ ಖುಷಿಯಾಯಿತು ಎಂಬುದನ್ನೂ ಇಲ್ಲಿ ಬರೆಯದಿದ್ದರೆ ಈ ಪತ್ರವೂ ಆ ಗುಡ್ಡದ ಹಾಗೆ ಆಗುತ್ತದೆ.

ಇನ್ನು ಮುಂದಿನದು ನನ್ನ ಮನೆಯ ಕಥೆ. ನದಿದಂಡೆಯ ಬೀದಿಯಲ್ಲಿ ನನ್ನ ಅಕ್ಕನ ಮನೆಯಿತ್ತು. ಭಾವ ಗಡಿಯಾರ ರಿಪೇರಿ ಮಾಡುವವರು. ಚಿಕ್ಕಂದಿನಿಂದಲೂ ಅವರ ಕಾಲು ಸ್ವಾಧೀನದಲ್ಲಿಲ್ಲ, ಗಾಲಿಕುರ್ಚಿಯೇ ಕಾಲು. ಆದರೆ ತೋಳು ನೋಡಬೇಕಿತ್ತು! ಬೆಳಿಗ್ಗೆ ತಾವೇ ಚಕ್ರ ತಿರುಗಿಸಿಕೊಂಡು ಅಂಗಡಿಗೆ ಹೋಗಿ, ಸಂಜೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ರೇಗಿಸಿಕೊಂಡು ಮನೆಗೆ ಬರುತ್ತಿದ್ದರು. ಯಾರಾದರೂ ಹಿಂದಿನಿಂದ ಕುರ್ಚಿಗೆ ಕೈ ಹಾಕಿದರೆ “ಕೈ ತೆಗಿಯಪ್ಪಾ, ಇದು ಬಾಡಿಗೆ ಗಾಡಿ ಅಲ್ಲ” ಎನ್ನುತ್ತಿದ್ದರು. ಯಾರ ಹಂಗೂ ಇಲ್ಲದೆ ಓಡಾಡುವುದೇ ಅವರ ಆಸ್ತಿ. ಬೆಟ್ಟ ಹುಟ್ಟಿಸುವವನು ಎಂದು ನನ್ನನ್ನು ಅವರು ಕರೆಯುತ್ತಿದ್ದದ್ದು ‘ಬ್ರಹ್ಮದೇವರು’ ಎಂದು.

ಮನೆ ಆರಿಸುವ ದಿನ ತಮ್ಮ ಸಭಾಂಗಣದಲ್ಲಿ ಗುಂಡಿ ಒತ್ತುತ್ತ ಕುಳಿತಿದ್ದವನು ನಾನೇ. ಅಕ್ಕ, ಭಾವನ ಸರದಿ ಬಂತು. ಕೆಳಗೆ ಅಂಗಡಿ ಸಾಲಿನ ಪಕ್ಕದ ಮನೆಗಳು ಇನ್ನೂ ಖಾಲಿ ಇದ್ದವು. ಭಾವನ ಹೊಸ ಅಂಗಡಿಯೂ ಅದೇ ಸಾಲಿನಲ್ಲಿ. ಮೇಲಿನ ಸಾಲಿನಲ್ಲೂ ಕೆಲವು ಖಾಲಿ ಇದ್ದವು.

ಅಕ್ಕ ಕೇಳಿದಳು, “ಕೆಳಗಿಂದಾ, ಮೇಲಿಂದಾ? ಏರು ಜಾಸ್ತಿ ಇದೆಯೇನೋ? ನಿಮ್ಮ ಭಾವನ ಕುರ್ಚಿ ಹೋಗ್ಬೇಕಲ್ಲ.”

“ಎಲ್ಲಿದೆ ಅಕ್ಕಾ ಏರು? ನೋಡಿಲ್ಲಿ. ಮೇಲಿಂದು ತಗೋ. ಗಾಳಿ, ಬೆಳಕು, ನದೀನೂ ಕಾಣುತ್ತೆ.”

ಅಷ್ಟೇ ಅಲ್ಲ. ಕ್ಯಾಮೆರಾವನ್ನು ಕುರ್ಚಿಯಲ್ಲಿ ಕುಳಿತವರ ಕಣ್ಣಿನ ಮಟ್ಟಕ್ಕೆ ಇಳಿಸಿ, ಅಂಗಡಿಯಿಂದ ಮೇಲಿನ ಮನೆಯ ಬಾಗಿಲವರೆಗೆ ರಸ್ತೆಯುದ್ದಕ್ಕೂ ಓಡಿಸಿ ತೋರಿಸಿದೆ. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಹೋಗದೆ ಏನು? ಕ್ಯಾಮೆರಾಕ್ಕೆ ಏದುಸಿರು ಬರುವುದಿಲ್ಲ. ಭಾವ ಚಪ್ಪಾಳೆ ತಟ್ಟಿ “ಸರಿ, ಬ್ರಹ್ಮದೇವರೇ ಹೇಳಿದ ಮೇಲೆ ಇನ್ನೇನು” ಎಂದು ಹೆಬ್ಬೆರಳೊತ್ತುವ ಯಂತ್ರಕ್ಕೆ ಬೆರಳಿಟ್ಟರು.

ಆಗ ಆ ಚೌಕದಲ್ಲಿ ಬರೆದದ್ದು ನನಗೆ ನೆನಪಿರಲಿಲ್ಲವೇ? ಈ ಪ್ರಶ್ನೆಯನ್ನು ತಾವು ಕೇಳಲಾರಿರಿ, ಹಾಗಾಗಿ ನಾನೇ ಕೇಳಿಕೊಂಡಿದ್ದೇನೆ. ತಿಂಗಳುಗಟ್ಟಲೆ ಆ ಗುಡ್ಡದ ಮೇಲೆ ಹುಲ್ಲು ನೆಡುತ್ತ, ಮರ ನೆಡುತ್ತ ನಾನು ಅಲ್ಲೇ ವಾಸವಾಗಿಬಿಟ್ಟಿದ್ದೆ. ಕಣ್ಣು ಮುಚ್ಚಿದರೂ ಅದೇ ಮೆತ್ತನೆಯ ಇಳಿಜಾರು ಕಾಣುತ್ತಿತ್ತು. ನನ್ನ ಅಕ್ಕನಿಗೆ ನಾನು ಬೇಕೆಂದು ಸುಳ್ಳು ಹೇಳಲಿಲ್ಲ. ನನ್ನ ಸುಳ್ಳನ್ನು ಎಲ್ಲರಿಗಿಂತ ಮೊದಲು ನಾನೇ ನಂಬಿದ್ದೆ. ಇದು ಸಮಾಧಾನದ ಮಾತಾಗಬಹುದೆಂದು ಬಹಳ ದಿನ ಕಾದೆ, ಆಗಲಿಲ್ಲ.

ಮನೆ ಬದಲಾಯಿಸಿದ ದಿನ ಲಾರಿ ಮೊದಲ ತಿರುವಿನಲ್ಲೇ ಗುಟುರು ಹಾಕಿ ನಿಂತಿತು. ಡ್ರೈವರ್ ಕೆಳಗಿಳಿದು, ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿ, “ಯಾರಿಗ್ರೀ ಇಲ್ಲಿ ಮನೆ ಕಟ್ಟಿರೋದು, ಮೇಕೆಗಳಿಗಾ?” ಎಂದ. ಭಾವ ನಕ್ಕರು. ನಗುತ್ತಲೇ ತೋಳು ಬಿಗಿದು ಚಕ್ರ ತಿರುಗಿಸಿದರು. ಎರಡು ಸುತ್ತು ಮುಂದೆ ಹೋಯಿತು, ಒಂದು ಸುತ್ತು ಹಿಂದೆ ಬಂತು. ಮತ್ತೆ ತಿರುಗಿಸಿದರು. ಆಮೇಲೆ ಕುರ್ಚಿ ತಾನಾಗಿಯೇ ಹಿಂದಕ್ಕೆ ಉರುಳತೊಡಗಿದಾಗ ಡ್ರೈವರ್ ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಆ ದಿನ ನನ್ನ ಭಾವ ಜೀವನದಲ್ಲಿ ಮೊದಲ ಬಾರಿಗೆ ಯಾರಿಗೂ ‘ಕೈ ತೆಗಿ’ ಎನ್ನಲಿಲ್ಲ.

ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಹೇಳಿದ್ದರು. ಹತ್ತಿರದಲ್ಲೂ ನುಣ್ಣಗೆ ಕಾಣಿಸುವ ವಿದ್ಯೆ ಅವರ ಕಾಲಕ್ಕೆ ಇರಲಿಲ್ಲ ಅಷ್ಟೇ. ಈಗ ಭಾವ ಅಂಗಡಿಗೆ ಹೋಗಬೇಕಾದರೆ ಯಾರಾದರೂ ಹಿಡಿದು ಇಳಿಸಬೇಕು, ಸಂಜೆ ಯಾರಾದರೂ ತಳ್ಳಿ ಹತ್ತಿಸಬೇಕು. ಯಾರೂ ಸಿಗದ ದಿನ ಕಿಟಕಿಯ ಬಳಿ ಕುಳಿತಿರುತ್ತಾರೆ. ನಾನು ಹೇಳಿದ್ದರಲ್ಲಿ ನಿಜವಾದದ್ದು ಅದೊಂದೇ, ಕಿಟಕಿಯಿಂದ ನದಿ ಚೆನ್ನಾಗಿ ಕಾಣುತ್ತದೆ.

ಒಂದು ಭಾನುವಾರ ಅಕ್ಕ ನನಗೆ ಬಡಿಸುತ್ತಿದ್ದಳು. “ಆ ಗುಡ್ಡಾನ ಹಾಗೆ ತೋರಿಸಿದ್ರಲ್ಲ, ಅವರ ಕೈಗೆ ಏನು ಬಂದಿತ್ತೋ! ಅವರ ಮನೆಯೋರೂ ಹೀಗೇ ಕಿಟಕಿ ಹಿಡೀಲಿ” ಎಂದಳು. ಎಂದವಳೇ “ಇನ್ನೊಂಚೂರು ಹಾಕ್ಲಾ? ಏನೂ ತಿಂತಾನೇ ಇಲ್ವಲ್ಲೋ, ಸೊರಗಿಬಿಟ್ಟಿದೀಯ” ಎಂದು ಮತ್ತೆ ಬಡಿಸಿದಳು. ಶಾಪವೂ ಅನ್ನವೂ ಒಂದೇ ಕೈಯಿಂದ ಬಂತು. ನಾನು ಎರಡನ್ನೂ ನುಂಗಿದೆ. ಒಡಹುಟ್ಟಿದವರಿಗೆ ಹಾಗೆ ಮುಖ ಕೊಟ್ಟು ಕೂರುವುದು ಹೇಗಿರುತ್ತದೆಂದು ತಮಗೆ ಗೊತ್ತಾಗದಿರಲಿ, ಮಾನ್ಯರೇ. ಇದು ವ್ಯಂಗ್ಯವಲ್ಲ.

ಅಷ್ಟರಲ್ಲಿ ಕೆಳಗಿನ ಮನೆ ಬದಲಿಗೆ ಕೊಡಿ ಎಂದು ಭಾವ ಹಾಕಿದ ಅರ್ಜಿಗೆ ತಮ್ಮ ಕಚೇರಿಯ ಉತ್ತರ ಬಂತು. ‘ಪ್ರದರ್ಶಿಸಲಾದ ದೃಶ್ಯವು ಕೇವಲ ಕಲಾತ್ಮಕ ಕಲ್ಪನೆಯಾಗಿದ್ದು, ನೈಜ ಭೂಸ್ವರೂಪಕ್ಕೂ ಅದಕ್ಕೂ ಸಾಮ್ಯ ಕಂಡುಬಂದಲ್ಲಿ ಅದು ಕಾಕತಾಳೀಯ. ಒಮ್ಮೆ ಆಯ್ಕೆ ಮಾಡಿದ ಮನೆಯನ್ನು ಬದಲಾಯಿಸಲು ಅವಕಾಶವಿರುವುದಿಲ್ಲ.’ ಅದ್ಭುತ! ತೋರಿಸಿದ್ದು ಕಲೆ, ಒತ್ತಿಸಿಕೊಂಡ ಹೆಬ್ಬೆರಳು ಮಾತ್ರ ಕಾನೂನು. ಕನಸು ತೋರಿಸಿ ಎಚ್ಚರದಲ್ಲಿ ಕರಾರು ಬರೆಸಿಕೊಳ್ಳುವ ಈ ಜಾಣ್ಮೆಗೆ ಏನು ಹೇಳಬೇಕು? ತಮ್ಮದೇ ಭೂಮಾಪಕರು ಬಿಸಿಲಲ್ಲಿ ಅಲೆದು ಅಳೆದ ನೆಲಕ್ಕೂ ಚಿತ್ರಕ್ಕೂ ಸಾಮ್ಯವಿದ್ದರೆ ಅದು ಕಾಕತಾಳೀಯವೇ? ಇನ್ನೂ ಒಂದು ಅನುಮಾನ. ಇಡೀ ಬಡಾವಣೆಯಲ್ಲಿ ಚೂರೂ ಏರಿಲ್ಲದ, ಅಂಗೈಯಷ್ಟು ಸಮತಟ್ಟಾದ ಜಾಗ ಒಂದೇ ಒಂದಿದೆ, ಹೆಬ್ಬಾಗಿಲಿನ ಪಕ್ಕದಲ್ಲಿ. ಅಲ್ಲಿ ತಮ್ಮ ಪ್ರಾಧಿಕಾರದ ಹೊಸ ಕಚೇರಿ ಏಳುತ್ತಿದೆ. ತಾವು ಯಾವ ಪರದೆ ನೋಡಿ ಆರಿಸಿದಿರಿ ಸ್ವಾಮಿ?

ಕಳೆದ ವಾರ ಸಂಜೆ ಭಾವನನ್ನು ಅಂಗಡಿಯಿಂದ ಮೇಲಕ್ಕೆ ತಳ್ಳುತ್ತಿದ್ದೆ. ಅಕ್ಕ ಕೈಚೀಲ ಹಿಡಿದು ಜೊತೆಗಿದ್ದಳು. ಎರಡನೆಯ ತಿರುವಿನಲ್ಲಿ ನನ್ನಿಂದ ತಡೆಯಲಾಗಲಿಲ್ಲ. “ಅಕ್ಕಾ, ಗುಡ್ಡ ಮಲಗಿಸಿದ್ದು ನಾನೇ” ಎಂದೆ. ಚೌಕದ ವಿಷಯ, “ಆಗ್ಲಿ ಸರ್” ಎಂದದ್ದು, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಳ್ಳಲು ನಿಂತುಬಿಟ್ಟೆ. ಕುರ್ಚಿ ಹಿಂದಕ್ಕೆ ಜಾರಿ ನನ್ನ ಮೊಣಕಾಲಿಗೆ ಬಡಿಯಿತು.

“ಲೋ ಲೋ ಲೋ! ನಿಲ್ಲಿಸ್ಬೇಡ್ವೋ! ಮೊದ್ಲು ತಳ್ಳು, ಆಮೇಲೆ ಅಳು!” ಎಂದು ಭಾವ ಕೂಗಿದರು.

ತಳ್ಳಿದೆ. ಅಕ್ಕ ಕೈಚೀಲ ಹಿಡಿದು ಮುಂದೆ ನಡೆದಳು. ಬಾಗಿಲ ಹತ್ತಿರ ಬಂದಾಗ ನನ್ನ ಮುಖ ನೋಡದೆ, “ಪರದೆ ಮೇಲೆ ಇಳಿಸಿದ್ಯಲ್ಲ, ಈಗ ಇಲ್ಲಿ ಇಳಿಸು ನೋಡೋಣ” ಎಂದಳು. ಒಳಗೆ ಹೋಗುತ್ತ ತಿರುಗಿ ನಿಂತು ಇನ್ನೊಂದು ಮಾತು ಕೇಳಿದಳು. “ಇನ್ನರ್ಧ ಬೀದಿಯೋರು ಇನ್ನೂ ಆರಿಸಿಲ್ಲ ಅಲ್ವಾ? ಅವರಿಗಾದ್ರೂ ಹೇಳಿದೀಯಾ?”

ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಚೌಕದಲ್ಲಿ ಒಂದು ಎಂದು ಬರೆದ ನಿಜವಾದ ಗುಡ್ಡವನ್ನು ಇವತ್ತೇ ತಮ್ಮ ಕಚೇರಿಗೆ ತಲುಪಿಸಿದ್ದೇನೆ. ಮುಂದಿನ ತಿಂಗಳು ಸಭಾಂಗಣದಲ್ಲಿ ಅದನ್ನೇ ತೋರಿಸಬೇಕು. ಅದಕ್ಕೂ ಮೊದಲು ಗುಡ್ಡದ ಉಳಿದರ್ಧಕ್ಕೆ ಇನ್ನೂ ಇರುವ ತಗಡಿನ ಬೇಲಿಯ ಬಾಗಿಲು ತೆರೆದು, ಆರಿಸುವವರು ತಮ್ಮ ಕಾಲಲ್ಲಿ, ಕಾಲಿಲ್ಲದವರು ತಮ್ಮ ಚಕ್ರದಲ್ಲಿ ಅಲ್ಲಿಯ ರಸ್ತೆಯನ್ನು ಒಮ್ಮೆ ಹತ್ತಿ ನೋಡಲು ಬಿಡಬೇಕು. ನನ್ನ ಸುಳ್ಳು ನೋಡಿ ಹೆಬ್ಬೆರಳೊತ್ತಿದವರಿಗೆ ಮನೆ ಬದಲಾಯಿಸಿಕೊಳ್ಳಲು ಅವಕಾಶ ಕೊಡಬೇಕು, ನನ್ನ ಭಾವನಿಗೆ ಅಂಗಡಿ ಸಾಲಿನ ಪಕ್ಕದಲ್ಲಿ. ಅಲ್ಲಿ ಮನೆ ಉಳಿದಿಲ್ಲವೆನ್ನುವುದಾದರೆ ತಮ್ಮ ಕಚೇರಿಯನ್ನು ಮೇಲಿನ ಸಾಲಿಗೆ ಒಯ್ಯಿರಿ. ಗಾಳಿ, ಬೆಳಕು, ನದಿಯೂ ಕಾಣುತ್ತದೆ.

ಇಷ್ಟು ಸಾಲದೆ ತಾವು ಖುದ್ದಾಗಿ ಬಂದು ಭಾವನ ಕುರ್ಚಿಯನ್ನು ಒಮ್ಮೆ ಮೇಲಕ್ಕೆ ತಳ್ಳಬೇಕೆಂದೂ ಬರೆಯುವವನಿದ್ದೆ. ಭಾವ ಬೇಡವೆಂದರು. “ಪಾಪ, ಸಾಹೇಬ್ರು ಯಾಕೆ ತಳ್ಬೇಕು? ಅವರು ಕುರ್ಚೀಲಿ ಕೂರ್ಲಿ. ನಾವೇ ತಳ್ತೀವಿ. ಅರ್ಧ ದಾರೀಲಿ ಸ್ವಲ್ಪ ಕೈ ಬಿಡ್ತೀವಿ, ಸ್ವಲ್ಪಾನೇ” ಎಂದು ಹೇಳಿ ಕಳಿಸಿದ್ದಾರೆ.

ಅಕ್ಕ ಏನೂ ಹೇಳಿ ಕಳಿಸಿಲ್ಲ. ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಸಂಜೆ ಕುರ್ಚಿ ತಳ್ಳಿಕೊಂಡು ಹೋದಾಗ ಬಾಗಿಲು ತೆಗೆಯುತ್ತಾಳೆ, ಭಾವನನ್ನು ಒಳಗೆ ಕರೆದುಕೊಳ್ಳುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ.

ಇಂತಿ,
ತಮ್ಮ ಮಾತಿಗೆ ಗುಡ್ಡ ಮಲಗಿಸಿದವನು,
ಈಗ ದಿನವೂ ಅದನ್ನು ಹತ್ತುತ್ತಿರುವವನು