ಗುಂಡುತೋಪಿಗೆ ಎರಡು ಪೇಜ್

೧೧ ಜೂನ್ ೨೦೧೨, ಸೋಮವಾರ
ಅಂಗಡಿಯಲ್ಲಿ ಮತ್ತೆ ಕರೆಂಟಿಲ್ಲ. ಮಧ್ಯಾಹ್ನದವರೆಗೆ ಒಂದು ಜೆರಾಕ್ಸೂ ಇಲ್ಲ. ಕರೆಂಟ್ ಬಂದ ಕೂಡಲೇ ನೋಡಿದ್ದು ತೋಪಿನ ಪೇಜ್. ರಸ್ತೆ ಅಗಲ ಮಾಡಲು ನಮ್ಮೂರ ಗುಂಡುತೋಪಿನ ಹುಣಸೆಮರ ಕಡಿಯಬಾರದು ಅಂತ ನಾನೇ ಮಾಡಿದ ಆನ್‌ಲೈನ್ ಅರ್ಜಿ. ಸಾಫ್ಟ್‌ವೇರ್ ಪುಕ್ಕಟೆ — ಓಪನ್ ಸೋರ್ಸ್. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬದಲಾಯಿಸಬಹುದು. ಊರಿನವರೆಲ್ಲ ಅಂಗಡಿಗೇ ಬಂದು ಹೆಸರು ಹಾಕಿಸಿದ್ದಾರೆ. ಜರ್ಮನಿಯವನೊಬ್ಬನೂ ಇದ್ದಾನೆ. ಅವನಿಗೇನು ಗೊತ್ತು ನಮ್ಮ ಹುಣಸೆ! ಆದರೂ ಖುಷಿಯಾಯಿತು.

೧೪ ಜೂನ್, ಗುರುವಾರ
ತಮ್ಮ ಬೀರೇಶ ಏರ್‌ಪೋರ್ಟ್ ಡ್ಯೂಟಿ ಮುಗಿಸಿ ಟ್ಯಾಕ್ಸಿ ಸಮೇತ ಅಂಗಡಿಗೇ ಬಂದ. “ಅಕ್ಕ, ನಮ್ ಡ್ರೈವರ್‌ಗಳಿಗೂ ನಿನ್ ಥರಾನೇ ಒಂದು ಪೇಜ್ ಮಾಡ್ಕೊಡು.” ಸ್ಟ್ಯಾಂಡಿಗೆ ನೆರಳು ಕೇಳುತ್ತಾರೇನೋ ಅಂದುಕೊಂಡೆ. ಖಾಲಿ ಪೇಜ್ ಮಾಡಿ ಪಾಸ್‌ವರ್ಡ್ ಕೊಟ್ಟೆ. ಕಾಫಿ ಕೊಡಿಸಿದ.

೧೭ ಜೂನ್, ಭಾನುವಾರ, ಸಂಜೆ
ಅಯ್ಯೋ. ಬೀರೇಶನ ಪೇಜಿನಲ್ಲಿ ‘ತೋಪಿನ ತಿರುವು ತೆಗೆಯಿರಿ, ರಸ್ತೆ ಅಗಲ ಮಾಡಿ.’ ಅದೇ ಹಸಿರು ಬಣ್ಣ, ಅದೇ ಬಟನ್... ನಾನೇ ಮಾಡಿಕೊಟ್ಟಿದ್ದು! ಮೇಲೆ ವಿಜಯ್ ಫೋಟೊ. ಬೀರೇಶನ ಗೆಳೆಯ. ಹೋದ ವರ್ಷ ಆ ತಿರುವಿನಲ್ಲೇ ಲಾರಿ ಗುದ್ದಿ ಒಂದು ಕಾಲು ಹೋಯಿತು.

ಬೀರೇಶನ ಮೇಲೆ ರೇಗಿದೆ. “ಮರಕ್ಕೆ ಎಲ್ರೂ ಅವ್ರೆ ಕಣಕ್ಕ. ವಿಜಿಗೆ ಯಾರವ್ರೆ?” ಅಂದ.

ಆ ಪೇಜ್ ಅಳಿಸಿಬಿಡೋಣ ಅನ್ನಿಸಿತು. ಸಾಫ್ಟ್‌ವೇರ್ ಕಲಿಸಿದ ಗುಂಪಿಗೆ ಮೇಲ್ ಹಾಕಿದೆ, ನಮಗೆ ವಿರುದ್ಧ ಇರುವವರಿಗೂ ಕೊಡಬೇಕಾ ಅಂತ. ಎಲ್ಲರಿಗೂ ಅಂದರೆ ಎಲ್ಲರಿಗೂ, ಅಂತ ಉತ್ತರ. ಅವರಿಗೇನು, ಹೇಳುತ್ತಾರೆ. ಅಳಿಸಲಿಲ್ಲ. ಸರಿಯೋ ತಪ್ಪೋ — ತಲೆ ಮೊಸರುಗಡಿಗೆ.

೨೯ ಜೂನ್, ಶುಕ್ರವಾರ
ಊರಿನವರೆಲ್ಲ ಎರಡಕ್ಕೂ ಹೆಸರು ಹಾಕಿಸಿದ್ದಾರೆ! ಅಪ್ಪನೂ. ಕೇಳಿದರೆ, “ಕೇಳ್ಕೊಂಡ್ ಬಂದೋರ್ಗೆ ಇಲ್ಲ ಅನ್ನಕ್ಕಾಯ್ತದಾ? ಇಬ್ರೂ ನನ್ ಮಕ್ಳೇ.” ಬೀರೇಶನ ಹೆಸರೂ ನನ್ನ ಪೇಜಿನಲ್ಲಿದೆ, ಮೊದಲ ದಿನವೇ ಹಾಕಿದ್ದ. ನಗಲೋ ಅಳಲೋ.

ಪಂಚಾಯಿತಿ ಸೆಕ್ರೆಟರಿ ಪಿಳ್ಳಪ್ಪ ಎರಡೂ ಪ್ರಿಂಟ್ ಪಕ್ಕಪಕ್ಕ ಇಟ್ಟುಕೊಂಡರು. “ಎರಡ್ ಕಡೆ ಇರೋ ಹೆಸ್ರು ಲೆಕ್ಕಕ್ಕಿಲ್ಲ ಅಕ್ಷತಮ್ಮ. ಹೊರಗಿನವ್ರೂ ಬ್ಯಾಡ.” ಗೀಟು ಹೊಡೆಯುತ್ತಾ ಹೋದರು. ಕೊನೆಗೆ ಈ ಕಡೆ ನಾನೊಬ್ಬಳೇ. ಆ ಕಡೆ ವಿಜಯ್ ಒಬ್ಬನೇ. ನಾಳೆ ಸಭೆಗೆ ಇಬ್ಬರೂ ಬಂದು ಮಾತಾಡಬೇಕಂತೆ. ಬಾರದವರ ಅರ್ಜಿ ಬಿದ್ದುಹೋಯಿತು ಅಂತಲೇ ಲೆಕ್ಕವಂತೆ.

೩೦ ಜೂನ್, ಶನಿವಾರ, ಬೆಳಿಗ್ಗೆ
ವಿಜಯ್ ಫೋನ್. “ಅಕ್ಕ, ಬೀರ ಡ್ಯೂಟಿಗೋಗವ್ನೆ. ಪಂಚಾಯ್ತಿಗೆ ನನ್ನ ಕರ್ಕೊಂಡೋಗೋರು ಯಾರೂ ಇಲ್ಲ. ನಿನ್ ಗಾಡೀಲಿ ಬರ್ಲಾ?”

ಹೂಂ ಅಂದೆ. ಕರೆದುಕೊಂಡು ಹೋಗದಿದ್ದರೆ ಮರಗಳು ಉಳಿಯುತ್ತವೆ... ಥೂ, ಇಂಥ ಯೋಚನೆ ನನಗೂ ಬರುತ್ತದಲ್ಲ.

ಸ್ಕೂಟಿ ಒರೆಸಿಟ್ಟೆ. ಊರುಗೋಲು ಎಲ್ಲಿ ಕಟ್ಟುವುದೋ ಗೊತ್ತಿಲ್ಲ. ಪಂಚಾಯಿತಿಗೆ ಇರುವುದು ತೋಪಿನ ತಿರುವಿನ ದಾರಿಯೊಂದೇ. ತಿರುವು ಬಂದಾಗ ಅವನು ಹಿಂದಿನಿಂದ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡರೆ, ಆಮೇಲೆ ಸಭೆಯಲ್ಲಿ ನಾನು —